ನನ್ನ ಬಾಯಿ, ಚಿಗವ್ವನ ಕಣ್ಣು

ಬೈಲಹೊಂಗಲದ ಒಂದು ಕಣ್ಣಿನ ಆಸ್ಪತ್ರೆಯಲ್ಲಿ ರೋಗಿಗಳಿಗೆ ತಿಳಿಹೇಳುವುದು ನನ್ನ ಕೆಲಸ. ಹನಿ ಹೇಗೆ ಹಾಕಬೇಕು, ಆಪರೇಷನ್ ಆದಮೇಲೆ ಎಷ್ಟು ದಿನ ತಲೆಗೆ ನೀರು ಹಾಕಬಾರದು, ಇಂಥವು. ತಿಳಿಹೇಳುವುದು ಅಂತ ಬರೆದೆ. ನಿಜವಾಗಿ ನಾನು ಬೈಯುತ್ತಿದ್ದೆ. ನನ್ನ ಬಾಯಿ ದೊಡ್ಡದು. ಎಲ್ಲಕ್ಕಿಂತ ಹೆಚ್ಚು ಸಿಟ್ಟು ಬರುತ್ತಿದ್ದುದು ಕಣ್ಣಿನ ಕಸವನ್ನು ನಾಲಿಗೆಯಿಂದ ತೆಗೆಸಿಕೊಂಡು ಬಂದವರ ಮೇಲೆ. ನಮ್ಮ ಕಡೆ ಹಳ್ಳಿಗಳಲ್ಲಿ ಇದಕ್ಕೆಂದೇ ಒಬ್ಬ ಮುದುಕಿ ಇರುತ್ತಾಳೆ. ರೆಪ್ಪೆ ಮಗುಚಿ, ನಾಲಿಗೆಯ ತುದಿ ಆಡಿಸಿ, ಕಸವನ್ನು ಅಂಗೈ ಮೇಲೆ ಉಗುಳಿ ತೋರಿಸುತ್ತಾಳೆ.

ಒಮ್ಮೆ ಸವದತ್ತಿ ಕಡೆಯ ಹೆಂಗಸೊಬ್ಬಳಿಗೆ, ಪಾಳಿಯಲ್ಲಿ ಕುಳಿತವರೆಲ್ಲ ಕೇಳುವಂತೆ, "ಎಂಜಲಾ ಕಣ್ಣಾಗ ಹಾಕಿಸ್ಕೊಂಡ್ ಬಂದೀರಲ್ಲ, ನಾಚಿಕಿ ಬರೂದಿಲ್ಲೇನ್ರಿ?" ಅಂದಿದ್ದೆ. ಆ ದಿನ ಕಟಕೋಳದಿಂದ ಕನ್ನಡಕಕ್ಕೆಂದು ಬಂದಿದ್ದ ನನ್ನ ಚಿಗವ್ವ, ಅಂದರೆ ಅವ್ವನ ತಂಗಿ, ಅದೇ ಬೆಂಚಿನ ಮೇಲೆ ಕುಳಿತಿದ್ದಳು. ಅವ್ವ ತೀರಿಕೊಂಡ ಮೇಲೆ ನನ್ನನ್ನು ಬೆಳೆಸಿದವಳು ಅವಳೇ. ಮನೆಗೆ ಬಂದಮೇಲೆ, "ಭಾಳ ಬೈತಿ ಬಿಡವಾ," ಅಂದಳು. ನಾನು ನಕ್ಕುಬಿಟ್ಟೆ. ಆ ನಗು ನೆನಪಾದರೆ ಈಗ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಆಮೇಲೆ ಆಸ್ಪತ್ರೆಗೆ ಎಐ ಸಹಾಯಕ ಬಂತು. ಮೊಬೈಲಿನಲ್ಲಿ ಕನ್ನಡದಲ್ಲೇ ಮಾತಾಡಿ ಕೇಳಿದರೆ ಉತ್ತರವನ್ನು ಬರೆದೂ ತೋರಿಸುತ್ತದೆ, ಓದಿಯೂ ಹೇಳುತ್ತದೆ. ಎಷ್ಟು ಸಲ ಕೇಳಿದರೂ ದನಿ ಏರಿಸುವುದಿಲ್ಲ. ಇದು ನನ್ನ ಅನ್ನಕ್ಕೇ ಕಲ್ಲು ಹಾಕುತ್ತದೆ ಎಂಬ ಅಳುಕಿತ್ತು. ಆದರೂ ಚಿಗವ್ವನ ಮೊಬೈಲಿಗೆ ನಾನೇ ಹಾಕಿಕೊಟ್ಟೆ.

ಈ ಸಲ ಕಬ್ಬು ಕಡಿಯುವ ಹೊತ್ತಿಗೆ ಚಿಗವ್ವನ ನಡವಳಿಕೆ ಬದಲಾಯಿತು. ದಿನಾ ಸಂಜೆ ವಿಡಿಯೋದಲ್ಲಿ ಮುಖ ತೋರಿಸುತ್ತಿದ್ದವಳು ಬರೀ ದನಿಯಲ್ಲಿ ಮಾತಾಡತೊಡಗಿದಳು. "ಮಾರಿ ತೋರಸ ಚಿಗವ್ವಾ," ಅಂದರೆ, "ನೆಟ್‌ವರ್ಕ್ ಇಲ್ಲವಾ," ಅನ್ನುವಳು.

"ಆರಾಮ ಅದಿ ಇಲ್ಲೋ?"

"ಆರಾಮ ಅದೇನಿ. ನೀ ಸೂಟಿ ಯಾವಾಗ ಹಾಕ್ತಿ?"

ರಜೆ ಹಾಕಿ ಊರಿಗೆ ಬಾ ಅನ್ನುತ್ತಿದ್ದಾಳೆ ಅಂದುಕೊಂಡೆ. "ಸೂಟಿ ಎಲ್ಲೀದು, ಮಂದಿ ಪಾಳಿ ಹೊರಗಿನ ತನಕಾ ನಿಂತೈತಿ," ಅಂದೆ. ಅವಳು "ಹೌದಾ," ಅಂದು ಫೋನಿಟ್ಟಳು. ಮರುದಿನವೂ ಅದನ್ನೇ ಕೇಳಿದಳು. ಅದರ ಮರುದಿನವೂ. ಏನೋ ಸರಿಯಿಲ್ಲ ಅಂತ ಎದೆಯಲ್ಲಿ ಅನಿಸುತ್ತಲೇ ಇತ್ತು. ಅನಿಸಿದ್ದನ್ನು ಬದಿಗಿಟ್ಟು ಕೆಲಸ ನೋಡಿಕೊಂಡೆ.

ಒಂದು ಸೋಮವಾರ ಅವಳ ಮಗ ಅವಳನ್ನು ಕೈಹಿಡಿದು ಆಸ್ಪತ್ರೆಗೆ ಕರೆತಂದ. ಎಡಗಣ್ಣಿನ ಮೇಲೆ ಸೆರಗು ಒತ್ತಿಕೊಂಡಿದ್ದಳು. ಸರಿಸಿ ನೋಡಿದೆ. ಕರಿಗುಡ್ಡೆಯ ನಡುವೆ ಜೋಳದ ಕಾಳಿನಷ್ಟು ಬಿಳಿ ಕಲೆ ಕೂತಿತ್ತು. ಇಂಥ ಕಲೆಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ.

"ಕಬ್ಬಿನ ರವದಿ ಬಡೀತು," ಅಂದಳು, ನನ್ನ ಮುಖ ನೋಡದೆ. ಒಣಗಿದ ಎಲೆ, ಗರಗಸದಂಥದು.

"ಮತ್ತೇನರ ಮಾಡಿದೇನು?"

"ಏನಿಲ್ಲವಾ."

ಡಾಕ್ಟರು ಬಹಳ ಹೊತ್ತು ಪರೀಕ್ಷೆ ಮಾಡಿದರು. ಬೂಷ್ಟು ಬೆಳೆದು ಹುಣ್ಣಾಗಿದೆ, ಭಾಳ ತಡವಾಯಿತು ಅಂದರು. ವಾರಗಟ್ಟಲೆ ಹನಿ ಹಾಕಿದೆವು. ಗುಡ್ಡೆ ಉಳಿಯಿತು, ನೋಟ ಉಳಿಯಲಿಲ್ಲ.

ವಾರ್ಡಿನಲ್ಲಿ ಅವಳು ನಿದ್ದೆಯಲ್ಲಿದ್ದಾಗ ಅವಳ ಮೊಬೈಲು ತೆಗೆದೆ. ಆ ಎಐ ಯಂತ್ರವೇ ಏನೋ ತಪ್ಪು ಹೇಳಿರಬೇಕು ಅಂತ ಖಾತ್ರಿಯಿತ್ತು. ಅದನ್ನು ಎಲ್ಲರ ಮುಂದೆ ಹಿಡಿದುಕೊಡಬೇಕು ಎಂಬ ಹಟವೂ ಇತ್ತು.

ಅವಳು ಅದಕ್ಕೆ ಎಲ್ಲವನ್ನೂ ಹೇಳಿದ್ದಳು. "ರವದಿ ಬಡದೈತ್ರಿ. ಓಣ್ಯಾಗಿನ ಮುದಕಿ ಕಡೆ ನಾಲಿಗಿಲೆ ತಗಿಸೇನಿ. ತಪ್ಪಾತೇನ್ರಿ?" ಅದು ಬೈದಿರಲಿಲ್ಲ. ಹೇಳಿದ್ದು ಒಳ್ಳೆಯದಾಯಿತು, ಇವತ್ತೇ ಕಣ್ಣಿನ ಡಾಕ್ಟರಿಗೆ ತೋರಿಸಿ, ನಾಲಿಗೆಯ ವಿಷಯವನ್ನೂ ಅವರಿಗೆ ತಿಳಿಸಿ, ತಡಮಾಡಿದರೆ ನೋಟ ಹೋಗಬಹುದು ಅಂತ ಬರೆದಿತ್ತು. ಮರುದಿನ ಮತ್ತೆ ಕೇಳಿದ್ದಳು. ಮತ್ತೆ ಅದನ್ನೇ ಹೇಳಿ, ಒಬ್ಬರೇ ಇಟ್ಟುಕೊಳ್ಳಬೇಡಿ, ಮನೆಯವರಿಗೆ ಹೇಳಿ ಅಂದಿತ್ತು. ಅದಕ್ಕೆ ಅವಳ ಉತ್ತರ ಹೀಗಿತ್ತು:

"ದವಾಖಾನ್ಯಾಗ ನನ್ನ ಮಗಳು ಅದಾಳ್ರಿ. ಮಂದ್ಯಾಗ ಬೈತಾಳ. ಆಕಿ ಸೂಟಿ ಹಾಕಿದ ದಿನಾ ಹೋಗ್ತೇನಿ."

ಆ ತಿಂಗಳು ನಾನು ಒಂದು ದಿನವೂ ರಜೆ ಹಾಕಿರಲಿಲ್ಲ.