ಗಿಡ್ಡನ ಮನೆಯವರು

ನಮ್ಮ ಮನೆಯಲ್ಲಿ ಗಿಡ್ಡಗಿದ್ದವರು ಯಾರೂ ಇರಲಿಲ್ಲ. ಅಪ್ಪ ಬಾಗಿಲು ದಾಟಬೇಕಾದರೆ ತಲೆ ಬಗ್ಗಿಸಬೇಕಿತ್ತು. ನಾನು ಹದಿನಾರಕ್ಕೇ ಅಮ್ಮನಿಗಿಂತ ಒಂದು ಗೇಣು ಮೇಲೆ ಬೆಳೆದು, ಇವಳಿಗೆ ಸರಿಸಮ ಗಂಡು ಎಲ್ಲಿಂದ ತರೋದು ಎಂದು ಅವಳಿಗೆ ಚಿಂತೆ ಹಚ್ಚಿದ್ದೆ. ಆದರೂ ಯಡಿಯೂರಿನಲ್ಲಿ ನಮ್ಮನ್ನು ಕರೆಯುತ್ತಿದ್ದುದು ಗಿಡ್ಡನ ಮನೆಯವರು ಎಂದೇ. ಶಾಲೆಯ ರಿಜಿಸ್ಟರಿನಲ್ಲೂ ನನ್ನ ಹೆಸರಿನ ಹಿಂದೆ ಒಂದು ‘ಜಿ’ ಸೇರಿಸಿದ್ದರು. ಮನೆಹೆಸರಿಗೆ ಅರ್ಥ ಕೇಳುವ ಪದ್ಧತಿ ನಮ್ಮ ಕಡೆ ಇರಲಿಲ್ಲ. ಹಿಂದಿನ ಬೀದಿಯ ನರಿಯನ ಮನೆಯವರನ್ನು ಕಾಡಿಗೆ ಓಡಿಸಲು ಯಾರೂ ಹೋಗಿರಲಿಲ್ಲ.

ಆ ಹೆಸರು ಬಂದದ್ದು ಅಜ್ಜಿಯಿಂದ, ಅಂದರೆ ಅಪ್ಪನ ತಾಯಿಯಿಂದ. ಅವಳು ಒಬ್ಬಳೇ ಮಗಳು. ತಾತ ಮನೆ ಅಳಿಯನಾಗಿ ಬಂದವನು, ಹಾಗಾಗಿ ಮನೆಯೂ ಹೆಸರೂ ಅವಳ ಕಡೆಯದೇ ಉಳಿದವು. ಅಜ್ಜಿಗೆ ಎಪ್ಪತ್ತು ದಾಟಿದ್ದರೂ ಬೆನ್ನು ಬಾಗಿರಲಿಲ್ಲ. ಕಣ್ಣು ಬೆಕ್ಕಿನ ಕಣ್ಣು, ನೀರು ಬೆರೆಸಿದ ಜೇನಿನ ಬಣ್ಣ. ತನ್ನ ಅವ್ವನ ವಿಷಯ ದಿನಕ್ಕೆ ಹತ್ತು ಸಲ ಹೇಳುತ್ತಿದ್ದಳು. ತನ್ನ ಅಪ್ಪನ ವಿಷಯ ಒಂದು ಸಲವೂ ಹೇಳಿದ್ದನ್ನು ನಾನು ಕೇಳಿರಲಿಲ್ಲ.

ಸಾವಿರದ ಒಂಬೈನೂರ ಅರವತ್ತರ ಆಸುಪಾಸಿನಲ್ಲಿ ನನಗೆ ಗಂಡು ಗೊತ್ತಾಯಿತು. ಕನಕಪುರದ ಕಡೆಯವರು, ಸಾರಕ್ಕಿಯಲ್ಲಿ ಮನೆ ಮಾಡಿಕೊಂಡಿದ್ದರು. ಹುಡುಗ ಕಾರ್ಖಾನೆಯಲ್ಲಿ ಫಿಟ್ಟರ್, ನನಗಿಂತ ಎರಡು ಬೆರಳು ಎತ್ತರ. ಆ ಎರಡು ಬೆರಳಿಗೆ ಅಮ್ಮ ಬನಶಂಕರಿಗೆ ನಿಂಬೆಹಣ್ಣಿನ ದೀಪ ಹಚ್ಚಿ ಬಂದಳು. ಹೆಣ್ಣು ನೋಡಲು ಬಂದ ದಿನ ನಾನು ಕಾಫಿ ಲೋಟ ಕೊಟ್ಟು ಒಳಗೆ ಹೋದೆ. ಹುಡುಗಿಗೆ ಒಪ್ಪಿಗೆಯಾ ಎಂದು ಅವರು ಅಪ್ಪನನ್ನು ಕೇಳಿದರು, ಅಪ್ಪ ಅಮ್ಮನ ಕಡೆ ನೋಡಿದ, ಅಮ್ಮ ಹೂಂ ಎಂದಳು. ನಾನು ಅಡುಗೆಮನೆಯಲ್ಲಿ ತಟ್ಟೆ ತೊಳೆಯುತ್ತಾ ಕೇಳಿಸಿಕೊಂಡೆ. ಖುಷಿಯೂ ಇಲ್ಲ, ದುಃಖವೂ ಇಲ್ಲ. ಮದುವೆಯಾಗುವ ಎಲ್ಲರಿಗೂ ಹೀಗೇ ಇರುತ್ತದೇನೋ ಅಂದುಕೊಂಡೆ.

ಅಷ್ಟರಲ್ಲಿ ನಮ್ಮ ಅವರೆ ಹೊಲ ಜಯನಗರದ ಬಡಾವಣೆಗೆ ಹೋಗಿ, ಅಲ್ಲಿ ಮನೆಗಳು ಏಳುತ್ತಿದ್ದವು. ಹಾಗೆ ಎದ್ದ ಒಂದು ಮನೆ ನಿವೃತ್ತ ಚರಿತ್ರೆ ಮೇಷ್ಟ್ರದು. ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷ್ ನನಗೆ ಎರಡು ಸಲ ಕೈಕೊಟ್ಟಿತ್ತು. ಮೂರನೆಯ ಸಲಕ್ಕೆಂದು ಅವರ ಹತ್ತಿರ ಹೇಳಿಸಿಕೊಳ್ಳಲು ಹೋಗುತ್ತಿದ್ದೆ. ನಾವು ಅವರೆ ಬಿತ್ತಿದ್ದ ಕಡೆ ಕುಳಿತು ವ್ಯಾಕರಣ ಕಲಿಯುವುದು ವಿಚಿತ್ರ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ.

ಒಂದು ದಿನ ಮೇಷ್ಟ್ರು ನನ್ನ ನೋಟುಪುಸ್ತಕದ ಮೇಲಿನ ‘ಜಿ’ ಏನೆಂದು ಕೇಳಿದರು. ಹೇಳಿದೆ. ಅವರು ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿ ನಕ್ಕುಬಿಟ್ಟರು. ಆಮೇಲೆ ಚರಿತ್ರೆಯ ಚಪಲ ಶುರುವಾಯಿತು. ಹೆಸರು ಯಾರಿಂದ ಬಂತು, ಅವರು ಏನು ಮಾಡುತ್ತಿದ್ದರು ಎಂದು ಒಂದೊಂದೇ ಕೇಳಿದರು. ಅಜ್ಜಿಯ ಅವ್ವ ಕೆರೆ ಹತ್ತಿರ ಡೇರೆ ಹಾಕಿದ್ದ ಬಿಳಿ ದೊರೆಯ ಕ್ಯಾಂಪಿಗೆ ಹಾಲು ಹಾಕುತ್ತಿದ್ದಳಂತೆ ಎಂದು ನನಗೆ ಗೊತ್ತಿದ್ದಷ್ಟು ಹೇಳಿದೆ. ಮೇಷ್ಟ್ರು ಎದ್ದು ಬೀರುವಿನಿಂದ ಇಟ್ಟಿಗೆಯಷ್ಟು ದಪ್ಪದ ಪುಸ್ತಕ ತೆಗೆದರು. ಇಂಗ್ಲಿಷರ ಮನೆಹೆಸರುಗಳದ್ದೇ ಪುಸ್ತಕ.

ಕಿಡ್ ಎಂಬ ಹೆಸರು ಅದರಲ್ಲಿ ಸಿಕ್ಕಿತು. ಮೇಕೆಮರಿ ಎಂದು ಅರ್ಥವಂತೆ. ಆ ಹೆಸರಿನವರು ಕಂಪನಿಯ ಕಾಲದಲ್ಲಿ ಈ ದೇಶದ ತುಂಬ ಇದ್ದರಂತೆ, ದಂಡಿನವರು, ದಫ್ತರದವರು, ಗಿಡಮರ ಬೆಳೆಸಿದವರು. ಅವರಿಗೂ ಹಿಂದೆ ಅದೇ ಹೆಸರಿನವನೊಬ್ಬನನ್ನು ಕಡಲುಗಳ್ಳರನ್ನು ಹಿಡಿದು ತಾ ಎಂದು ಅಧಿಕಾರ ಕೊಟ್ಟು ಈ ಸಮುದ್ರಕ್ಕೆ ಕಳಿಸಿದ್ದರಂತೆ. ಅವನು ಹಿಡಿಯುವುದು ಬಿಟ್ಟು ತಾನೇ ಹಡಗು ದೋಚಿ, ಕೊನೆಗೆ ಗಲ್ಲಿಗೇರಿದನಂತೆ. ಬೇಲಿಯೇ ಎದ್ದು ಹೊಲ ಮೇಯ್ದ ಕಥೆ ಎಂದರು ಮೇಷ್ಟ್ರು. ಅವನಿಗೂ ಕಂಪನಿಯವರಿಗೂ ವ್ಯತ್ಯಾಸ ಏನು ಎಂದು ನಾನು ಕೇಳಿದ್ದಕ್ಕೆ, ಕಂಪನಿಯವರು ರಸೀತಿ ಕೊಡುತ್ತಿದ್ದರು ಎಂದರು. ಕ್ಯಾಂಪಿನ ದೊರೆ ಅದೇ ಹೆಸರಿನವನಿರಬೇಕು, ನಮ್ಮ ಜನದ ಬಾಯಲ್ಲಿ ಕಿಡ್ಡು ಗಿಡ್ಡ ಆಗಿದೆ ಎಂದು ತೀರ್ಮಾನ ಮಾಡಿದರು. ಅಲ್ಲಿಗೆ ಬಿಟ್ಟಿದ್ದರೆ ಚೆನ್ನಾಗಿತ್ತು. ಪಾಪ, ಒಳ್ಳೆಯ ಮನುಷ್ಯ, ಸಂತೋಷ ತಡೆಯಲಾರದೆ ಸಂಜೆ ನಮ್ಮ ಮನೆಗೇ ಬಂದು ಅಪ್ಪನಿಗೆ ಹೇಳಿದರು.

ಅಪ್ಪನ ಕಿವಿಗೆ ಬಿದ್ದದ್ದು ದಫ್ತರ ಒಂದೇ. ಹೊಲ ಹೋದ ಮೇಲೆ ಊರಿನಲ್ಲಿ ಅವನ ಮಾತಿಗೆ ತೂಕ ಕಡಿಮೆಯಾಗಿತ್ತು. ಕ್ಷೌರದ ಅಂಗಡಿಯಲ್ಲಿ, ಹೋಟೆಲಿನಲ್ಲಿ, ನಮ್ಮದು ದೊರೆಗಳ ಹೆಸರು ಕಣಯ್ಯ ಎಂದು ಹೇಳಿಕೊಂಡು ತಿರುಗಿದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ವಾರದೊಳಗೆ ಅದು ಸಾರಕ್ಕಿ ಮುಟ್ಟಿತು. ಮುಟ್ಟುವ ಹೊತ್ತಿಗೆ ಹೆಸರಿನ ಜೊತೆ ರಕ್ತವೂ ಸೇರಿಕೊಂಡಿತ್ತು.

ಹುಡುಗನ ದೊಡ್ಡಪ್ಪ ಇಬ್ಬರು ಹಿರಿಯರನ್ನು ಕರೆದುಕೊಂಡು ಬಂದರು. ಒರಟು ಮಾತಾಡಲಿಲ್ಲ, ಚಾಪೆಯ ಮೇಲೆ ಕುಳಿತು ಮಜ್ಜಿಗೆಯನ್ನೂ ಕುಡಿದರು. ಆಮೇಲೆ ವಿಷಯಕ್ಕೆ ಬಂದರು. ದೊರೆಯ ಹತ್ತಿರ ಕೆಲಸ ಮಾಡಿ ಹೆಸರು ಬಂದಿದ್ದರೆ ತೊಂದರೆ ಇಲ್ಲ, ಬೇರೆ ಥರ ಬಂದಿದ್ದರೆ ಈ ನೆಂಟಸ್ತಿಕೆ ಇಲ್ಲಿಗೇ ಮುಗಿಯಿತು ಎಂದರು. ಅಪ್ಪ ಕುದುರೆ ನೋಡಿಕೊಳ್ಳೋರು ಇರಬೇಕು ಎಂದ, ಹಾಲಿನ ಗುತ್ತಿಗೆ ಎಂದ, ಎರಡೂ ಎಂದ. ಅವನ ಹಣೆ ಬೆವರುತ್ತಿತ್ತು. ಮದುವೆ ಮುರಿದ ಹುಡುಗಿಗೆ, ಅದೂ ಈ ಎತ್ತರದವಳಿಗೆ, ಇನ್ನೊಂದು ಗಂಡು ಸಿಗುವುದಿಲ್ಲವೆಂದು ಬಾಗಿಲ ಹಿಂದೆ ನಿಂತಿದ್ದ ಅಮ್ಮನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಅಮ್ಮ ಸೆರಗು ಕಚ್ಚಿಕೊಂಡಿದ್ದಳು. ನಾನು ಗೋಡೆಗೆ ಒರಗಿ ಕಾಲ ಬೆರಳು ನೋಡುತ್ತಿದ್ದೆ.

ದೊಡ್ಡಪ್ಪ ಮೂಲೆಯಲ್ಲಿ ಕುಳಿತಿದ್ದ ಅಜ್ಜಿಯ ಕಡೆ ತಿರುಗಿದರು.

“ನೀವು ಹಿರೀಕರು. ನೀವು ಏನು ಹೇಳಿದ್ರೆ ಅದೇ ನಿಜ ಅಂದ್ಕೋತೀವಿ,” ಎಂದರು. “ನಿಮ್ಮಪ್ಪ ಯಾರು, ಅವ್ವಾ?”

ಅಜ್ಜಿ ಬಾಯಲ್ಲಿದ್ದ ಎಲೆಅಡಿಕೆಯನ್ನು ಹೊರಗೆ ಹೋಗಿ ಉಗಿದು ಬಂದು ಕುಳಿತಳು.

“ನಮ್ಮಪ್ಪ ಗಿಡ್ಡಕಿದ್ದ. ಅದ್ಕೇ ಗಿಡ್ಡ ಅಂತಿದ್ರು. ದೊರೆನೂ ಇಲ್ಲ ಗಿರೆನೂ ಇಲ್ಲ,” ಎಂದಳು. “ಎತ್ತರ ನಮ್ಮವ್ವನ ಕಡೇದು.”

ಹಿರಿಯರಲ್ಲಿ ಒಬ್ಬರು ಅವಳ ಮುಖವನ್ನೇ ನೋಡುತ್ತಿದ್ದರು. ಅದು ಅವಳಿಗೂ ಕಂಡಿತು. ಕಣ್ಣಿಗೆ ಪೊರೆ ಬಂದು ಬಣ್ಣ ಕೆಟ್ಟಿದೆ, ಯಾರು ಕುಂತಿದ್ದೀರೋ ಸರಿಯಾಗಿ ಕಾಣಿಸುತ್ತಿಲ್ಲ ಎಂದಳು. ಆ ಬೆಳಿಗ್ಗೆಯಷ್ಟೇ ನನ್ನ ರವಿಕೆಗೆ ಗುಂಡಿ ಹೊಲಿಯಲು ಸೂಜಿಗೆ ತಾನೇ ದಾರ ಪೋಣಿಸಿದ್ದಳು.

ಗಂಡಿನವರಿಗೆ ಸಮಾಧಾನವಾಯಿತು. ಮೇಷ್ಟ್ರುಗಳಿಗೆ ಪುಸ್ತಕ ಓದಿ ತಲೆ ಕೆಡುತ್ತದೆ ಎಂದು ಎಲ್ಲರೂ ನಕ್ಕರು, ಅಪ್ಪ ಎಲ್ಲರಿಗಿಂತ ಜೋರಾಗಿ ನಕ್ಕ. ಅಮ್ಮ ಒಳಗೆ ಹೋಗಿ ಉಪ್ಪಿಟ್ಟಿಗೆ ರವೆ ಹುರಿಯತೊಡಗಿದಳು. ಎಲ್ಲರೂ ತಿಂದರು. ಅಜ್ಜಿ ಹಸಿವಿಲ್ಲ ಎಂದಳು.

ಮಾರನೆಯ ದಿನ ಹಿತ್ತಿಲಿನ ಬಿಸಿಲಿನಲ್ಲಿ ಅವಳ ತಲೆಗೆ ಹರಳೆಣ್ಣೆ ಹಚ್ಚುತ್ತಿದ್ದೆ. ನನಗೆ ಬೆನ್ನು ಹಾಕಿ ಕುಳಿತಿದ್ದವಳು ಯಾರಿಗೋ ಹೇಳುವವಳ ಹಾಗೆ ಮಾತು ತೆಗೆದಳು.

“ನಮ್ಮವ್ವ ಸಾಯೋಗಂಟ ಅವ್ನು ಬತ್ತಾನೆ ಅಂತ್ಲೇ ಇದ್ಲು. ನಾನು ಹೊಟ್ಟೇಲಿದ್ದಾಗ ಹೋದೋನು. ಕಳ್ಳ ಅಂದ್ರೂ ತಡ್ಕೊಳ್ಳೋಳು, ಮೋಸಗಾರ ಅಂದ್ರೂ ತಡ್ಕೊಳ್ಳೋಳು. ನೆನ್ನೆ ನಾನು ಅವ್ನು ಹುಟ್ಟೇ ಇರ್ನಿಲ್ಲ ಅಂದ್ಬುಟ್ಟೆ.”

ನನ್ನ ಕೈ ನಿಲ್ಲಲಿಲ್ಲ. ಅಳು ಬರಬಹುದೇನೋ ಎಂದು ಕಾದೆ, ಬರಲಿಲ್ಲ. ಎಣ್ಣೆ ಬಟ್ಟಲು ಮುಗಿಯುವವರೆಗೆ ಹಚ್ಚಿದೆ. ಆಮೇಲೆ ಅಜ್ಜಿ ಹಿಂದಕ್ಕೆ ತಿರುಗಿ ಆ ಕಣ್ಣಿನಲ್ಲಿ ನನ್ನನ್ನು ನೋಡಿದಳು.

“ನಿಂಗೋಸ್ಕರ ಅಂದೆ ಮಗ. ಹುಡ್ಗ ನಿಂಗೆ ಒಪ್ಗೆ ತಾನೆ?”

ಆ ಮಾತನ್ನು ನನ್ನನ್ನೇ ಕೇಳಿದವಳು ಆ ಮನೆಯಲ್ಲಿ ಅವಳೊಬ್ಬಳೇ. ಹಿಂದಿನ ದಿನ ಕೇಳಿದ್ದರೆ ಬೇಡ ಅನ್ನುತ್ತಿದ್ದೆ. ಆ ಹುಡುಗನ ಮುಖ ಕೂಡ ನನಗೆ ನೆನಪಿರಲಿಲ್ಲ. ಯಾರೂ ಕೇಳದಿದ್ದರೂ ನಾನೇ ಬಾಗಿಲ ಹಿಂದಿನಿಂದ ಬಂದು ಬೇಡ ಎಂದಿದ್ದರೆ ಅವಳು ತನ್ನ ಅಪ್ಪನನ್ನು ಇಲ್ಲವೆನ್ನಬೇಕಾಗಿರಲಿಲ್ಲ.

“ಒಪ್ಪಿಗೆ ಅಜ್ಜಿ,” ಎಂದೆ.