ಚೀಟಿಯ ಪರ, ಚೀಟಿಯ ವಿರುದ್ಧ

ಹೈಸ್ಕೂಲಿನ ಕೊನೆಯ ವರ್ಷ ಮಾರಿಸ್‌ಟೌನಿನ ಚರ್ಚಾಸ್ಪರ್ಧೆಗೆ ನನ್ನನ್ನು ಕಾರಿನಲ್ಲಿ ಕರೆದೊಯ್ದವರು ಪ್ಲೇನ್ಸ್‌ಬರೋದ ನಮ್ಮ ಪಕ್ಕದ ಅಪಾರ್ಟ್‌ಮೆಂಟಿನ ಧಾರವಾಡದ ಆಂಟಿ. ಪ್ರಾಚೀನ ಅಥೆನ್ಸಿನವರು ಅಧಿಕಾರಿಗಳನ್ನು ಚೀಟಿ ಎತ್ತಿ ಆರಿಸುತ್ತಿದ್ದರು. ಅದು ಹುಚ್ಚುತನ ಎಂದ ತತ್ವಜ್ಞಾನಿಗಳೂ ಅದೇ ಊರಿನವರು. ಯಾರದು ನ್ಯಾಯ? ಇದೇ ಚರ್ಚೆಯ ವಿಷಯ. ನಾಣ್ಯ ಚಿಮ್ಮಿದರು, ನನಗೆ ಚೀಟಿಯ ಪರದ ವಾದ ಬಂತು. “ಬಲ್ಲವರೇ ಆಳಬೇಕೆಂದರೆ, ಕಲಿಯುವ ಸರದಿ ಉಳಿದವರಿಗೆ ಬರುವುದು ಯಾವಾಗ?” ಎಂದು ಕೇಳಿ ಗೆದ್ದೆ.

ವಾಪಸ್ ಬರುವಾಗ ಆಂಟಿ, “ಭಾಳ ಖರೇ ಅಂದಿ ತಂಗಿ. ನನಗೂ ಹಂಗ ಅನಸ್ತಿತ್ತು, ಹೇಳಲಿಕ್ಕೆ ಬರ್ತಿದ್ದಿಲ್ಲ” ಎಂದರು.

ಮರುವಾರ ನಮ್ಮ ಕನ್ನಡ ಬಳಗದ ಸಭೆ. ಯುಗಾದಿ ಕಾರ್ಯಕ್ರಮದಲ್ಲಿ ಉಳಿದಿದ್ದದ್ದು ಹತ್ತೇ ನಿಮಿಷ, ಅದು ತಮಗೆ ಬೇಕೆಂದು ಕೇಳಿದವರು ಆರು ಮಂದಿ. ವರ್ಷವರ್ಷವೂ ಹೋಳಿಗೆ ಮಾಡಿ ತಂದು, ಸ್ಟೇಜಿನ ಹತ್ತಿರವೂ ಸುಳಿಯದ ಆಂಟಿ ಸೋಬಾನೆ ಹಾಡುತ್ತೇನೆಂದು ಹೆಸರು ಕೊಟ್ಟಿದ್ದರು. “ಚೀಟಿ ಎತ್ರಿ” ಎಂದವರೂ ಅವರೇ. ಎತ್ತಿದರು. ಬಂದದ್ದು ಅವರ ಹೆಸರೇ.

ಅಧ್ಯಕ್ಷರಾಗಿದ್ದ ಅಂಕಲ್ ನನ್ನ ಕಡೆ ತಿರುಗಿದರು. “ಏನಮ್ಮಾ ಲಾಯರ್, ಹಾಡೋಕೆ ಬರುತ್ತೋ ಇಲ್ವೋ ನೋಡ್ದೆ ಸ್ಟೇಜ್ ಕೊಟ್ಬಿಡೋದಾ?”

ಸ್ಪರ್ಧೆಗೆಂದು ಸಿದ್ಧಮಾಡಿಕೊಂಡಿದ್ದ ಇನ್ನೊಂದು ಪಕ್ಷದ ವಾದ ಬಳಕೆಯಾಗದೆ ಹಾಗೇ ಉಳಿದಿತ್ತು. ಎದ್ದು ನಿಂತೆ. “ಅಂಕಲ್, ಹಲ್ಲು ನೋವು ಬಂದ್ರೆ ಡೆಂಟಿಸ್ಟನ್ನ ಚೀಟಿ ಎತ್ತಿ ಆರಿಸ್ತೀರಾ?”

ಎಲ್ಲರೂ ನಕ್ಕರು. ಮೊದಲು ಆಂಟಿಯೂ ನಕ್ಕರು. ನಾನು ನಿಲ್ಲಿಸಲಿಲ್ಲ, ಕಲಿತವರು, ಕಲಿಯದವರು, ಪ್ರೇಕ್ಷಕರ ಹಕ್ಕು ಎಂದು ಮೂರು ನಿಮಿಷ ಮಾತಾಡಿದೆ. ಯಾರಿಗೆ ಕೊಡಬೇಕೆಂದು ಕೈ ಎತ್ತಿಸಿದರು. ಆ ಹತ್ತು ನಿಮಿಷ ಭರತನಾಟ್ಯ ಕಲಿಯುತ್ತಿದ್ದ ಮಕ್ಕಳಿಗೆ ಹೋಯಿತು. ಆ ಮಕ್ಕಳ ಪರವಾಗಿ ಎಲ್ಲರಿಗಿಂತ ಕೊನೆಗೆ ಕೈ ಎತ್ತಿದವರು ಆಂಟಿ, ನನ್ನನ್ನೇ ನೋಡುತ್ತಾ.

ಮಾರನೆಯ ದಿನ ಅವರ ಮನೆಗೆ ಹೋದೆ. ಚಪಾತಿ ಲಟ್ಟಿಸುತ್ತಿದ್ದರು. ಕ್ಷಮೆ ಕೇಳಬೇಕೆಂದು ಹೋದವಳು, ವಾದ ಮಾಡುವವರಿಗೆ ಎರಡೂ ಕಡೆಯ ವಾದ ಬರಬೇಕಾಗುತ್ತದೆ, ಅದೊಂದು ಶಿಸ್ತು ಎಂದು ವಿವರಿಸತೊಡಗಿದೆ.

“ಅದೆಲ್ಲಾ ಇರ್ಲಿ. ನಿನಗೇನ ಅನಸ್ತದ? ನಾ ಹಾಡಬೇಕಿತ್ತೋ, ಬ್ಯಾಡಾಗಿತ್ತೋ?”

“ಒಂದು ಕಡೆಯಿಂದ ನೋಡಿದ್ರೆ, ಆಂಟಿ…”

ಅವರು ಮುಂದಿನ ಉಂಡೆ ತೆಗೆದುಕೊಂಡರು. ಅವರ ಹಾಡನ್ನು ನಾನು ಒಮ್ಮೆಯೂ ಕೇಳಿರಲಿಲ್ಲ. ಆಗಲೂ, ಒಂದು ಸಾಲು ಹಾಡಿ ಎನ್ನಲು ನನಗೆ ಬಾಯಿ ಬರಲಿಲ್ಲ.