ಇಲ್ಲಿ ಯಾರೂ ದಾಟುವುದಿಲ್ಲ

ಕೋಲಿನ ತುದಿಗೆ ಸಿಕ್ಕಿಸಿದ ಒಂದು ಚಕ್ರವನ್ನು ದೂಡಿಕೊಂಡು ಆ ಹುಡುಗಿ ನಮ್ಮ ಕೇರಿಯ ಎದುರಿನ ರಸ್ತೆಯಂಚಿನಲ್ಲಿ ನಡೆದು ಬಂದಾಗ ಅವಳನ್ನು ಮೊದಲು ನೋಡಿದವಳು ನನ್ನ ತಾಯಿ, ಅವ್ವಿ. ಅಂಗಳದಲ್ಲಿ ಕೂತು ಹರಿವೆ ಸೊಪ್ಪಿನ ಕಟ್ಟು ಮಾಡುತ್ತಿದ್ದವಳು ಕೈ ನಿಲ್ಲಿಸಿ ನನ್ನನ್ನು ಕರೆದಳು.

"ತಮಾ, ಯಾರೋ ಅಳತೆ ಮಾಡೂಕೆ ಬಂದಾರೆ ನೋಡು."

ಅಂದು ನನಗೆ ವಾರದ ರಜೆ. ನಾನು ಬಿಣಗಾದ ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸದವನು. ನಮ್ಮ ಕೇರಿ ಬಿಣಗಾ ದಾಟಿ ಅಂಕೋಲಾ ದಿಕ್ಕಿಗೆ, ಹೆದ್ದಾರಿಯ ಗುಡ್ಡದ ಬದಿಯಲ್ಲಿದೆ. ರಸ್ತೆ ನಾಲ್ಕು ಸಾಲಿನದಾದ ಮೇಲೆ ನಡುವೆ ಡಿವೈಡರ್ ಬಂತು. ನಮ್ಮೆದುರಿಗೆ ಮಾತ್ರ ಅದರಲ್ಲಿ ಒಂದು ಸಂದು ಉಳಿದಿತ್ತು. ಯಾರಾದರೂ ಬೇಕೆಂದು ಬಿಟ್ಟರೋ, ಕೆಲಸದವರು ಮರೆತರೋ ಗೊತ್ತಿಲ್ಲ. ಕಾರವಾರದ ಬಸ್ಸು ನಿಲ್ಲುವುದು ಆಚೆ ಬದಿಗೆ, ಅಂಗಡಿ ಆಚೆ, ಶಾಲೆ ಆಚೆ. ಬೆಳಿಗ್ಗೆ ಸೈಕಲ್ ಹಿಡಿದು ಕೆಲಸಕ್ಕೆ ಹೋಗುವ ನಾನೂ ಆಚೆಗೆ ದಾಟಲೇಬೇಕು. ಸೊಪ್ಪಿನ ಬುಟ್ಟಿ ಹೊತ್ತು ಕಾರವಾರದ ಪೇಟೆಗೆ ಹೋಗುವ ಅವ್ವಿಯೂ ದಾಟಬೇಕು. ಇಡೀ ಕೇರಿ ದಿನಕ್ಕೆರಡು ಸಲ ಆ ಸಂದಿನಲ್ಲಿ ನುಸುಳಿ ಬದುಕುತ್ತಿತ್ತು.

ಹುಡುಗಿ ಅಂಗಳದ ಬೇಲಿಯ ಹತ್ತಿರ ನಿಂತು ನಮಸ್ಕಾರ ಹೇಳಿದಳು. ಘಟ್ಟದ ಮೇಲಿನವಳೆಂದು ಮಾತಿನಲ್ಲೇ ತಿಳಿಯಿತು. ಕಾರವಾರದಿಂದ ಅಂಕೋಲಾದವರೆಗೆ ಊರು ಇರುವಲ್ಲೆಲ್ಲ ರಸ್ತೆಯನ್ನು ತಿದ್ದುತ್ತಾರಂತೆ. ನಡೆಯುವವರಿಗೆ, ಸೈಕಲ್‌ನವರಿಗೆ, ಬಸ್ಸಿಗೆ ಕಾಯುವವರಿಗೆ ಅನುಕೂಲವಾಗುವ ಹಾಗೆ. ಅದಕ್ಕೆ ನಕ್ಷೆ ಮಾಡುವ ಕಚೇರಿಯಿಂದ ಬಂದಿದ್ದೇನೆ ಎಂದಳು.

ನನಗೆ ಅಲ್ಲಿಯೇ ಅನುಮಾನ ಬಂತು. ನಾನು ಹುಟ್ಟಿದಾಗಿನಿಂದ ರಸ್ತೆ ಎಂದು ಬಂದವರೆಲ್ಲ ಗಾಡಿಗಳ ಮಾತನ್ನೇ ಆಡಿದ್ದರು. ನಡೆದು ಹೋಗುವವನನ್ನು ಕೇಳಿಕೊಂಡು ಯಾರೂ ನಮ್ಮ ಬಾಗಿಲಿಗೆ ಬಂದಿರಲಿಲ್ಲ.

"ದಿನಾ ಎಷ್ಟ ಮಂದಿ ದಾಟ್ತಾರ್ರೀ ಇಲ್ಲಿ?" ಎಂದು ಅವಳು ಕೇಳಿದಳು.

ಅವ್ವಿ ನನ್ನ ಮುಖ ನೋಡಿದಳು. ಆ ನೋಟದ ಅರ್ಥ ನನಗೆ ಗೊತ್ತಿತ್ತು. ನಾನು ಸಣ್ಣವನಿದ್ದಾಗ ನಮ್ಮ ಮನೆ ಇದ್ದದ್ದು ಇಲ್ಲಲ್ಲ, ಸಮುದ್ರದ ಹತ್ತಿರ. ಅಲ್ಲಿಗೂ ಹೀಗೆಯೇ ಪುಸ್ತಕ ಹಿಡಿದವರು ಬಂದಿದ್ದರು. ಅಪ್ಪ ಕೇಳಿದ್ದಕ್ಕೆಲ್ಲ ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದ. ಬಾವಿ ಎಷ್ಟು ಆಳ, ತೆಂಗು ಎಷ್ಟು, ಕೊಟ್ಟಿಗೆಯಲ್ಲಿ ಎಷ್ಟು ದನ. ಬಂದವರಿಗೆ ಎಳನೀರು ಕೆತ್ತಿ ಕೊಟ್ಟಿದ್ದ. ಆಮೇಲೆ ಒಂದು ಯೋಜನೆಗೆ ಜಾಗ ಬೇಕೆಂದು ನಮ್ಮನ್ನು ಅಲ್ಲಿಂದ ಎಬ್ಬಿಸಿದರು. ಅಪ್ಪ ಇರುವವರೆಗೂ ಅವ್ವಿ ಆ ಎಳನೀರಿನ ಮಾತು ಆಡಿ ಅವನನ್ನು ಚುಚ್ಚುತ್ತಿದ್ದಳು.

"ಇಲ್ಲಿ ಯಾರೂ ದಾಟೂದಿಲ್ಲ," ಎಂದೆ.

"ಯಾರೂ?"

"ಯಾರೂ ಇಲ್ಲ."

"ಬಸ್ಸಿಗೆ?"

"ಇಲ್ಲಿಂದ ಯಾರೂ ಬಸ್ಸಿಗೆ ಹೋಗೂದಿಲ್ಲ."

ಅವಳು ನನ್ನ ಬೆನ್ನ ಹಿಂದೆ ಗೋಡೆಗೆ ಒರಗಿಸಿಟ್ಟಿದ್ದ ಸೈಕಲ್ ನೋಡಿದಳು. "ಮತ್ತ ಇದು?"

"ಅದು ಕೆಟ್ಟು ಹೋಗ್ಯದೆ."

ಅವಳು ಪುಸ್ತಕದಲ್ಲಿ ಬರೆದುಕೊಂಡು ಪಕ್ಕದ ಮನೆಗೆ ಹೋದಳು. ಅಲ್ಲಿಯೂ ಅದೇ ಉತ್ತರ ಸಿಕ್ಕಿತು. ಕೆಲವರು ಬಾಗಿಲನ್ನೇ ತೆರೆಯಲಿಲ್ಲ. ನಾವು ಮೊದಲೇ ಮಾತಾಡಿಕೊಂಡಿರಲಿಲ್ಲ, ಆದರೂ ಕೇರಿಯ ಇಪ್ಪತ್ತು ಚಿಲ್ಲರೆ ಮನೆಗಳು ಒಂದೇ ಸುಳ್ಳು ಹೇಳಿದವು. ಬಹಳ ಜನ ದಾಟುತ್ತಾರೆ ಎಂದರೆ ಅಪಾಯದ ಜಾಗ ಎನ್ನುತ್ತಾರೆ, ಮೇಲ್ಸೇತುವೆ ಬೇಕೆನ್ನುತ್ತಾರೆ, ಅದರ ಕಂಬಕ್ಕೆ ಮುಂದಿನ ಸಾಲಿನ ಮನೆಗಳು ಬೇಕೆನ್ನುತ್ತಾರೆ. ನಮ್ಮ ಲೆಕ್ಕಾಚಾರ ಹೀಗಿತ್ತು. ಮುಂದಿನ ಸಾಲಿನಲ್ಲಿ ನಮ್ಮದೂ ಒಂದು.

ಅವಳು ಮೂರು ದಿನ ಅಲ್ಲೇ ಸುತ್ತಾಡಿದಳು. ಎರಡನೆಯ ದಿನ ಸಂಜೆ ಕೆಲಸದಿಂದ ಬರುವಾಗ ಅವಳು ಮುಂದೆ ನಡೆಯುತ್ತಿರುವುದು ಕಂಡು ನಾನು ಸೈಕಲ್ ಇಳಿದು, ದೂಡಿಕೊಂಡು ಅವಳ ಹಿಂದೆಯೇ ಹೋದೆ. ಕೇರಿಯಿಂದ ಅರ್ಧ ಕಿಲೋಮೀಟರ್ ದೂರದಲ್ಲಿ ಒಂದು ಪೆಟ್ರೋಲ್ ಪಂಪಿದೆ. ಅವಳು ಸೀದಾ ಅದರೊಳಗೆ ಹೋದಳು. ಹತ್ತು ನಿಮಿಷ ಬಿಟ್ಟು ಹೊರಗೆ ಬಂದಳು. ಪಂಪಿನ ಯಜಮಾನ ಅವಳ ಜೊತೆ ನಗುತ್ತ ಏನೋ ಹೇಳಿ ಕೈ ಬೀಸಿದ. ನನಗೆ ಅಷ್ಟು ಸಾಕಾಯಿತು. ರಾತ್ರಿ ಊಟಕ್ಕೆ ಮೊದಲೇ ಕೇರಿಗೆಲ್ಲ ಸುದ್ದಿ ಮುಟ್ಟಿಸಿದೆ: ಅವಳು ಪಂಪಿನವರ ಕಡೆಯವಳು.

ಎರಡು ತಿಂಗಳ ನಂತರ ನಕ್ಷೆಯನ್ನು ಜನರಿಗೆ ತೋರಿಸುತ್ತಾರೆಂದು ಕಾರವಾರದ ಒಂದು ಸಭಾಭವನಕ್ಕೆ ಕರೆದರು. ಕೇರಿಯವರು ನನ್ನನ್ನು ಕಳಿಸಿದರು. ಗೋಡೆಯುದ್ದಕ್ಕೂ ಉದ್ದನೆಯ ಹಾಳೆ ಅಂಟಿಸಿದ್ದರು. ಜನ ಅದರ ಮುಂದೆ ತಮ್ಮ ತಮ್ಮ ಮನೆ ಹುಡುಕುತ್ತ ಓಡಾಡುತ್ತಿದ್ದರು. ನಮ್ಮ ಕೇರಿ ಸಿಕ್ಕಿತು. ಮನೆಗಳನ್ನು ಯಾರೂ ಮುಟ್ಟಿರಲಿಲ್ಲ. ಆದರೆ ಡಿವೈಡರಿನ ಸಂದು ಇರಲಿಲ್ಲ, ಅದರ ಬದಲು ಉದ್ದಕ್ಕೂ ಕಬ್ಬಿಣದ ಬೇಲಿಯ ಗೆರೆ ಇತ್ತು. ಬಸ್ ನಿಲ್ದಾಣ ಪೆಟ್ರೋಲ್ ಪಂಪಿನ ಹತ್ತಿರ ಹೋಗಿತ್ತು. ದಾಟುವ ಪಟ್ಟಿಯೂ ಅಲ್ಲಿಯೇ.

ನಾನು ಹಾಳೆಯ ಮುಂದೆ ನಿಂತು ಅವ್ವಿಯ ದಾರಿಯನ್ನು ಬೆರಳಿನಲ್ಲಿ ಎಳೆದು ನೋಡಿದೆ. ಬುಟ್ಟಿ ಹೊತ್ತು ಪಂಪಿನವರೆಗೆ, ಅಲ್ಲಿ ದಾಟಿ ಬಸ್ಸಿಗೆ. ಬರುವಾಗ ಮತ್ತೆ ಅಷ್ಟೇ ದೂರ. ಬಿಸಿಲಿನಲ್ಲಿ, ಲಾರಿಗಳ ಪಕ್ಕದಲ್ಲಿ. ಮೈ ಉರಿದು ಹೋಯಿತು.

ಹುಡುಗಿ ಕೋಣೆಯ ಇನ್ನೊಂದು ಕಡೆ ಎಂಜಿನಿಯರ್ ಸಾಹೇಬರ ಹತ್ತಿರ ನಿಂತಿದ್ದಳು. ನಾನು ಹೋಗಿ, ಎಲ್ಲರಿಗೂ ಕೇಳುವ ಹಾಗೆ ಕೇಳಿದೆ.

"ಪಂಪಿನವ್ರು ನಿಮಗೆ ಎಂತ ಕೊಟ್ರು?"

ಸುತ್ತಲಿನವರು ನಮ್ಮ ಕಡೆ ತಿರುಗಿದರು. ಅವಳ ಮುಖ ಕೆಂಪಾಯಿತು. ಚೀಲದಿಂದ ಪುಸ್ತಕ ತೆಗೆದು, ಹಾಳೆ ತಿರುವಿ, ಸಣ್ಣ ದನಿಯಲ್ಲಿ ಓದತೊಡಗಿದಳು. ನಮ್ಮ ಮನೆಯ ಗುರುತು ಹೇಳಿದಳು. ದಾಟುವವರು, ಯಾರೂ ಇಲ್ಲ. ಬಸ್ಸಿಗೆ ಹೋಗುವವರು, ಯಾರೂ ಇಲ್ಲ. ಗೋಡೆಗೆ ಸೈಕಲ್ ಇದೆ, ಗಾಳಿ ತುಂಬಿದೆ, ಕೇಳಿದರೆ ಕೆಟ್ಟಿದೆ ಎಂದರು.

"ಬ್ಯಾರೆ ಮನೀದೂ ಓದ್ಲ್ಯಾ?" ಎಂದಳು.

ನಾನು ಬೇಡವೆಂದು ತಲೆಯಾಡಿಸಿದೆ. ಅಷ್ಟು ಜನರ ನಡುವೆ ನಿಂತ ಆ ಗಳಿಗೆಯನ್ನು ಈಗ ನೆನೆದರೂ ಕಿವಿ ಬಿಸಿಯಾಗುತ್ತದೆ.

"ಸುಳ್ಳು ಹೇಳಿದ್ದು," ಎಂದು ಒಪ್ಪಿಕೊಂಡೆ. "ಕೇರಿ ಪೂರ್ತಿ ದಾಟ್ತದೆ. ನಾನೂ ದಾಟ್ತೆ."

ಈಗ ಅನುಮಾನ ಪಡುವ ಸರದಿ ಸಾಹೇಬರದ್ದು. ಅವರು ಕನ್ನಡಕ ತೆಗೆದು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಆಗ ಯಾರೂ ದಾಟೋದಿಲ್ಲ ಅಂದ್ರಿ. ಈಗ ಎಲ್ಲರೂ ದಾಟ್ತಾರೆ ಅಂತೀರಿ. ಅಲ್ಲಿ ಯಾರಾದ್ರೂ ಹೋಟೆಲ್ ಹಾಕ್ತಾ ಇದ್ದಾರಾ? ಬಸ್ ಸ್ಟಾಪ್ ಅದಕ್ಕೆ ಬೇಕಾ?"

ಇಲ್ಲ ಎಂದರೂ ಅವರು ನಂಬಿದಂತೆ ಕಾಣಲಿಲ್ಲ. ನನ್ನ ಮಾತಿಗೆ ಅಲ್ಲಿ ಬೆಲೆ ಉಳಿದಿರಲಿಲ್ಲ. ಕೊನೆಗೆ ಹುಡುಗಿಯೇ ನಡುವೆ ಬಂದಳು. ಯಾರ ಮಾತೂ ಬೇಡ, ಒಂದು ಕೆಲಸದ ದಿನ ಬೆಳಿಗ್ಗೆ ತಾನೇ ಬಂದು ನಿಂತು ನೋಡುತ್ತೇನೆ, ಯಾವ ದಿನವೆಂದು ಮೊದಲು ಹೇಳುವುದಿಲ್ಲ ಎಂದಳು. ನಮ್ಮನ್ನು ಅವಳೂ ಪೂರ್ತಿ ನಂಬಿರಲಿಲ್ಲ.

ಅವಳು ಬಂದದ್ದು ಮುಂದಿನ ಬುಧವಾರ, ಬೆಳಕು ಹರಿಯುವ ಹೊತ್ತಿಗೆ. ಕೇರಿ ಆಗಲೇ ಎರಡು ಪಾಲಾಗಿತ್ತು. ಕೆಲವರಿಗೆ ಎಣಿಸಿಕೊಳ್ಳಲು ಇನ್ನೂ ಹೆದರಿಕೆ. ಇನ್ನು ಕೆಲವರು ಸಂಖ್ಯೆ ಹೆಚ್ಚಾಗಲಿ ಎಂದು, ಅವಳು ಬಂದದ್ದೇ ತಡ, ಸುಮ್ಮನೆ ಆಚೆ ಈಚೆ ದಾಟಲು ಶುರು ಮಾಡಿದರು. ನಮ್ಮ ನೆರೆಮನೆಯವನು ಹಳದಿ ಕೊಡೆ ಹಿಡಿದು ಮೂರನೆಯ ಸಲ ದಾಟಿದಾಗ ಅವಳು ಪೆನ್ನು ಎತ್ತಿಕೊಂಡು, "ಕಾಕಾ, ನಿಮ್ಮನ್ನ ಆಗ್ಲೇ ಒಮ್ಮೆ ಬರ್ಕೊಂಡೀನ್ರಿ," ಎಂದಳು. ಅವನು ಕೊಡೆ ಮಡಿಸಿ ಮನೆಗೆ ಹೋದ.

ಅವ್ವಿ ಹೊರಗೆ ಬರಲಿಲ್ಲ. ನಾನು ಒಳಗೆ ಹೋಗಿ ಸಿಟ್ಟು ಮಾಡಿದೆ.

"ನೀನು ಬರ್ದಿದ್ರೆ ಅವ್ಳು ಯಾರನ್ನ ನೋಡೂದು?"

"ನಿನ್ನಪ್ಪನ್ನೂ ಹಿಂಗೇ ಬರ್ಕೊಂಡಿದ್ರು," ಎಂದಳು ಅವ್ವಿ. "ಅಳತೆ ಅಕ್ಕೋರು ಹೋದ ಮೇಲೆ ಹೋಗ್ತೆ."

ಆದರೆ ಹರಿವೆ ಬಾಡುತ್ತದೆ, ಏಳೂವರೆಯ ಬಸ್ಸು ಕಾಯುವುದಿಲ್ಲ. ಕೊನೆಗೆ ಬುಟ್ಟಿ ಹೊತ್ತು, ಹುಡುಗಿಯ ಕಡೆ ನೋಡದೆ ರಸ್ತೆಯ ಅಂಚಿಗೆ ಬಂದು ನಿಂತಳು. ಹುಡುಗಿ ಎದ್ದು ಹೋಗಿ ಅವಳ ಪಕ್ಕದಲ್ಲಿ ನಿಂತಳು. ನಾನು ಸೈಕಲ್ ಹಿಡಿದು ಸ್ವಲ್ಪ ಹಿಂದಿದ್ದೆ. ಲಾರಿಗಳು ಒಂದರ ಹಿಂದೆ ಒಂದು ಬರುತ್ತಿದ್ದವು. ಇಬ್ಬರೂ ಎರಡು ಸಲ ಹೆಜ್ಜೆ ಇಟ್ಟು ಹಿಂದೆ ಬಂದರು. ಮೂರನೆಯ ಸಲ ಡಿವೈಡರಿನ ಸಂದು ಮುಟ್ಟಿದರು. ಅಷ್ಟರಲ್ಲಿ ಆಚೆಯ ಸಾಲಿನಲ್ಲೂ ಗಾಡಿಗಳು ಹತ್ತಿರ ಬಂದವು. ಎರಡು ಕಡೆಯ ಗಾಳಿಗೂ ಸಿಕ್ಕಿ, ಆ ಗೇಣಗಲದ ಕಟ್ಟೆಯ ಹತ್ತಿರ ಇಬ್ಬರೂ ಅಂಟಿಕೊಂಡು ನಿಂತರು. ಒಂದು ಟ್ಯಾಂಕರ್ ಹಾರ್ನ್ ಹಾಕುತ್ತ ಹೋದಾಗ ಹುಡುಗಿ ಅವ್ವಿಯ ಕೈ ಗಟ್ಟಿಯಾಗಿ ಹಿಡಿದದ್ದನ್ನು ನಾನು ನೋಡಿದೆ. ಅವ್ವಿ ಇನ್ನೊಂದು ಕೈಯಲ್ಲಿ ಬುಟ್ಟಿ ಹಿಡಿದುಕೊಂಡು, ಅಲುಗಾಡದೆ ಬರುವ ಗಾಡಿಗಳನ್ನೇ ನೋಡುತ್ತಿದ್ದಳು. ದಿನವೂ ಅವಳು ಹಾಗೆ ನಿಲ್ಲುತ್ತಿದ್ದಳು, ನಾನು ದಿನವೂ ನನ್ನ ಪಾಡಿಗೆ ಸೈಕಲ್ ದೂಡಿಕೊಂಡು ಹೋಗುತ್ತಿದ್ದೆ. ಅವಳು ಅಲ್ಲಿ ಎಷ್ಟು ಹೊತ್ತು ನಿಲ್ಲುತ್ತಾಳೆಂದು ನಾನು ಒಮ್ಮೆಯೂ ತಿರುಗಿ ನೋಡಿರಲಿಲ್ಲ.

ನಾನೂ ಸೈಕಲ್ ದೂಡಿಕೊಂಡು ಅವರ ಹಿಂದೆಯೇ ದಾಟಿದೆ. ಆಚೆ ಮುಟ್ಟಿದ ಮೇಲೆ ಅವ್ವಿ ಕೇಳಿದಳು. "ಬರ್ಕೊಂಡ್ರಾ?"

"ಎಲ್ಲಿ ಬರ್ಕೊಳ್ಳಿ, ಕೈ ಹಿಡ್ಕೊಂಡಿದ್ನಲ್ರೀ."

ಅವ್ವಿ ಮೆಲ್ಲಗೆ ಕೈ ಬಿಡಿಸಿಕೊಂಡಳು. "ಹಂಗಾರೆ ಈಗ ಬರ್ಕೊಳ್ಳಿ. ಒಬ್ಳು, ಬುಟ್ಟಿ ಹೊತ್ತವಳು."

ಬಸ್ಸು ಬರುವ ಮುಂಚೆ ಹುಡುಗಿ ಅಳುಕುತ್ತ ಅವ್ವಿಯ ಹತ್ತಿರ ಏನೋ ಕೇಳಿದಳು. ಅವ್ವಿ ನನ್ನನ್ನು ಕರೆದು, ಅಕ್ಕೋರನ್ನು ಈಚೆ ದಾಟಿಸಿ ಮನೆಗೆ ಕರೆದುಕೊಂಡು ಹೋಗು, ಪಾಯಖಾನೆ ತೋರಿಸು ಎಂದಳು. ವಾಪಸು ದಾಟುವಾಗ ಹುಡುಗಿ ನನ್ನ ಕಡೆ ನೋಡದೆ ಹೇಳಿದಳು, "ಆವಾಗ ಮೂರು ದಿನಾ ಪಂಪಿಗೇ ಹೋಗ್ತಿದ್ದೆ. ಇಲ್ಲಿ ಯಾರನ್ನ ಕೇಳೋದು? ನನ್ನ ಕಂಡ್ರ ಬಾಗಲಾ ಹಾಕ್ಕೋತಿದ್ರಿ."

ಮನೆ ಮುಟ್ಟಿದ ಮೇಲೆ ಪಾಯಖಾನೆ ತೋರಿಸಿದೆ. ಕೊಡದಲ್ಲಿ ನೀರು ತುಂಬಿ ಇಟ್ಟೆ. ಕೆಲಸಕ್ಕೆ ತಡವಾಗಿತ್ತು, ಆದರೂ ಅವಳು ಹೊರಡುವವರೆಗೆ ನಿಂತೆ.

ನಕ್ಷೆ ಬದಲಾಯಿತು. ಅದಕ್ಕೂ ಒಂದು ಮಳೆಗಾಲ ಹಿಡಿಯಿತು. ನಡುವೆ ಕೆಲಸ ನಿಂತಾಗ ನಾವು ಮತ್ತೆ ಪಂಪಿನವರನ್ನೇ ಬೈದೆವು. ಈ ಸಲ ನಾನು ದನಿ ತಗ್ಗಿಸಿ ಬೈದೆ, ಅಷ್ಟೇ ವ್ಯತ್ಯಾಸ. ಮಳೆ ಕಳೆದ ಮೇಲೆ ಸಂದಿನ ಜಾಗವನ್ನು ಅಗಲ ಮಾಡಿ, ಬುಟ್ಟಿಯವರೂ ಸೈಕಲ್‌ನವರೂ ನಡುವೆ ನಿಲ್ಲುವಷ್ಟು ಕಟ್ಟೆ ಕಟ್ಟಿದರು. ರಸ್ತೆಯನ್ನೇ ಸ್ವಲ್ಪ ಎತ್ತರಿಸಿ ದಾಟುವ ಬಿಳಿ ಪಟ್ಟಿ ಬಳಿದರು, ಗಾಡಿಗಳು ಅಲ್ಲಿ ನಿಧಾನ ಮಾಡಲೇಬೇಕು. ಬಸ್ ನಿಲ್ದಾಣ ಇದ್ದಲ್ಲೇ ಉಳಿದು ಅದಕ್ಕೊಂದು ಚಾವಣಿ ಬಂತು. ಅಂಚಿನಲ್ಲಿ ಸೈಕಲ್‌ಗೆಂದು ಬಿಟ್ಟ ಪಟ್ಟಿಯಲ್ಲಿ ಮೊದಲ ವಾರವೇ ಲಾರಿಗಳು ನಿಂತವು. ಅದರ ಬಗ್ಗೆ ನಾನು ಎರಡು ಅರ್ಜಿ ಕೊಟ್ಟಿದ್ದೇನೆ. ಅರ್ಜಿ ತೆಗೆದುಕೊಂಡ ಗುಮಾಸ್ತ, ನನಗೂ ಲಾರಿಯವರಿಗೂ ಏನು ಜಗಳ ಎಂದು ಕೇಳಿದ. ಲಾರಿಗಳು ಈಗಲೂ ನಿಲ್ಲುತ್ತವೆ, ನಾನು ಈಗಲೂ ಅವುಗಳನ್ನು ಸುತ್ತಿಕೊಂಡು ಹೋಗುತ್ತೇನೆ. ಮೂರನೆಯ ಅರ್ಜಿ ಬರೆದಿಟ್ಟಿದ್ದೇನೆ.

ಪಟ್ಟಿ ಬಳಿದ ಮೊದಲ ಬೆಳಿಗ್ಗೆ ಅವ್ವಿಯ ಜೊತೆ ನಾನೂ ಹೋಗಿದ್ದೆ. ನಾವು ಅಂಚಿಗೆ ಬಂದು ನಿಂತ ಕೂಡಲೇ ಗೋವಾ ನಂಬರಿನ ಒಂದು ಕಾರು ನಿಧಾನ ಮಾಡಿ, ಪಟ್ಟಿಯ ಹಿಂದೆ ನಿಂತುಬಿಟ್ಟಿತು. ಚಾಲಕ ಒಳಗಿನಿಂದಲೇ ದಾಟಿ ಎಂದು ಕೈ ಮಾಡಿದ. ಅವ್ವಿ ಕದಲಲಿಲ್ಲ.

"ಅಂವ ಎಂತಕ್ಕೆ ನಿಂತ?"

"ನೀನು ದಾಟೂಕೆ."

"ನಂಗೆ ಅವನ ಗುರ್ತ ಇಲ್ಲ," ಎಂದಳು ಅವ್ವಿ. ಕಾರನ್ನೂ, ಅದರೊಳಗಿನ ಮುಖವನ್ನೂ ಚೆನ್ನಾಗಿ ನೋಡಿದಳು. ಆಮೇಲೆ ಬುಟ್ಟಿಯನ್ನು ಸರಿ ಮಾಡಿಕೊಂಡು, ಅವನ ಮೇಲಿನ ಕಣ್ಣು ತೆಗೆಯದೆಯೇ ದಾಟಿದಳು.